‘ಯಾವ ಜನ?’ ಎಂದು ಕೇಳಿದ ಆ ಸಂಜೆ

ಮೂವತ್ತಾರು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಆ ವರ್ಷಗಳಲ್ಲಿ ಬಹುಪಾಲು ಕಳೆದದ್ದು ಹೊಳೆನರಸೀಪುರದಲ್ಲಿ. ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆ ಪಠ್ಯದಲ್ಲಿ ಇರಲಿ, ಬಿಡಲಿ, ಪ್ರತಿ ವರ್ಷವೂ ಒಂದು ಪೀರಿಯಡ್ಡನ್ನಾದರೂ ‘ಮೈಸೂರು ಮಲ್ಲಿಗೆ’ಗೆಂದು ಎತ್ತಿಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗರೂ ಅಂದು ಸದ್ದಿಲ್ಲದೆ ಕೂರುತ್ತಿದ್ದರು. ಪ್ರೀತಿಯ ವಿಷಯದಲ್ಲಿ ಇಡೀ ತಾಲ್ಲೂಕಿಗೆ ನಾನೇ ಅಧಿಕೃತ ವ್ಯಾಖ್ಯಾನಕಾರ ಎಂಬ ಸಣ್ಣ ಗರ್ವವೂ ನನಗಿತ್ತೆಂದು ಒಪ್ಪಿಕೊಳ್ಳಬೇಕು.

ಆ ಗರ್ವ ಇಳಿದದ್ದು 2022ರ ಡಿಸೆಂಬರಿನ ಒಂದು ಸಂಜೆ, ಹಾಸನದ ನಮ್ಮ ಮನೆಯ ವರಾಂಡದಲ್ಲಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ರೈಲಿನಲ್ಲಿ ಬಂದಿದ್ದಳು. 2017ರಲ್ಲಿ ಕುಣಿಗಲ್ ಮೇಲಿನ ಹಳಿ ಪೂರ್ಣಗೊಂಡ ಮೇಲೆ ಬೆಂಗಳೂರು ನಮಗೆ ಪಕ್ಕದ ಬೀದಿಯಂತಾಗಿದೆ; ಮಕ್ಕಳು ಶನಿವಾರ ಬಂದು ಭಾನುವಾರ ಹೋಗುತ್ತಾರೆ. ಕಾಫಿ ಲೋಟ ಕೆಳಗಿಟ್ಟು ಅವಳು ಹೇಳಿದಳು: ‘ಅಪ್ಪಾ, ನಾನೊಬ್ಬರನ್ನ ಇಷ್ಟಪಟ್ಟಿದ್ದೀನಿ. ಮದುವೆ ಆಗೋಣ ಅಂತಿದ್ದೀವಿ.’

ಹುಡುಗನ ಹೆಸರೇನು, ಏನು ಮಾಡುತ್ತಾನೆ, ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆಯೇ? ಕೇಳಬಹುದಾಗಿದ್ದ ಪ್ರಶ್ನೆಗಳು ಹತ್ತಾರು. ನನ್ನ ಬಾಯಿಂದ ಬಂದದ್ದು ಎರಡೇ ಪದ. ‘ಯಾವ ಜನ?’

ಹಳೆಯ ಮೈಸೂರು ಸೀಮೆಯವರಿಗೆ ಈ ಪ್ರಶ್ನೆಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತವರು, ಬಾಡಿಗೆಗೆ ಮನೆ ಕೊಡುವವರು, ಸಂತೆಯಲ್ಲಿ ಎತ್ತು ಕೊಳ್ಳುವವರು ಎಲ್ಲರೂ ಇದನ್ನು ಕೇಳುತ್ತಾರೆ. ಜಾತಿ ಎಂಬ ಶಬ್ದದ ಒರಟುತನ ಇದರಲ್ಲಿಲ್ಲ. ಊರು ಯಾವುದು ಎಂದು ಕೇಳಿದಷ್ಟೇ ನಯ. ಮಗಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಕೋಪಿಸಿಕೊಳ್ಳಲಿಲ್ಲ. ಅವಳ ಕಣ್ಣಿನಲ್ಲಿ ಕಂಡದ್ದು ಅಚ್ಚರಿಯೂ ಅಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು: ಅಪ್ಪ ಇದನ್ನೇ ಕೇಳುತ್ತಾನೆಂದು ಅವಳಿಗೆ ಮೊದಲೇ ಗೊತ್ತಿತ್ತು.

ಇಲ್ಲಿ ನನ್ನ ವಿಳಾಸವನ್ನು ಸ್ವಲ್ಪ ಹೇಳಿಕೊಳ್ಳುವುದು ಅನಿವಾರ್ಯ. ಹುಟ್ಟಿದ್ದು ಅರಕಲಗೂಡು ತಾಲ್ಲೂಕಿನ ಒಂದು ಒಕ್ಕಲಿಗರ ಮನೆಯಲ್ಲಿ. ಹೆಣ್ಣು ತಂದದ್ದು ಚನ್ನರಾಯಪಟ್ಟಣದ ಕಡೆಯಿಂದ. ಅನ್ನ ಕೊಟ್ಟದ್ದು ಹೊಳೆನರಸೀಪುರ. ಮನೆ ಕಟ್ಟಿಕೊಂಡದ್ದು ಹಾಸನ. ನನ್ನ ಪ್ರಪಂಚದ ನಾಲ್ಕು ಮೂಲೆಗಳೂ ಒಂದೇ ಜಿಲ್ಲೆಯೊಳಗೆ, ಒಂದೂವರೆ ಗಂಟೆಯ ಬಸ್ ಪ್ರಯಾಣದೊಳಗೆ ಮುಗಿದುಹೋಗಿವೆ. ನಿಜವಾದ ಪ್ರೀತಿ ಎಂದರೇನೆಂದು ಆ ಸಂಜೆಯ ಬಳಿಕ ನಾನು ಹುಡುಕಾಡಿದ್ದೂ ಈ ನಾಲ್ಕು ಊರುಗಳಲ್ಲೇ. ಪುಸ್ತಕದಲ್ಲಿ ಸಿಕ್ಕದ್ದು ಕೆಲವು, ಕಲ್ಲಿನ ಮೇಲೆ ಸಿಕ್ಕದ್ದು ಒಂದು, ಉಳಿದದ್ದು ನೆನಪಿನಲ್ಲಿ.

ನೆನಪಿನಿಂದಲೇ ಆರಂಭಿಸುತ್ತೇನೆ. ಅರಕಲಗೂಡು, ರಾಮನಾಥಪುರದ ಸುತ್ತ ಹೊಗೆಸೊಪ್ಪು ಬೆಳೆಯುತ್ತಾರೆ. ಸೊಪ್ಪು ಮುರಿದು ತಂದು, ಕಡ್ಡಿಗೆ ಕಟ್ಟಿ, ಬ್ಯಾರನ್‌ನೊಳಗೆ ಸಾಲುಸಾಲಾಗಿ ತೂಗುಹಾಕಿ ಬೇಯಿಸಬೇಕು. ಐದಾರು ದಿನ, ಹಗಲೂ ರಾತ್ರಿ ಒಲೆ ಉರಿಯಬೇಕು. ಶಾಖ ಹಂತಹಂತವಾಗಿ ಏರಬೇಕು; ಒಮ್ಮೆಲೇ ಏರಿದರೆ ಎಲೆ ಕಪ್ಪಾಗುತ್ತದೆ, ಇಳಿದರೆ ಬಣ್ಣ ಹಿಡಿಯುವುದಿಲ್ಲ. ವರ್ಷದ ದುಡಿಮೆಯೆಲ್ಲ ಆ ಕೆಲವು ರಾತ್ರಿಗಳ ಮೇಲೆ ನಿಂತಿರುತ್ತದೆ. ನನ್ನ ಅಪ್ಪ, ಅವ್ವ ಆ ರಾತ್ರಿಗಳನ್ನು ಒಲೆಯ ಮುಂದೆ ಕಳೆಯುತ್ತಿದ್ದರು. ಒಬ್ಬರು ಸೌದೆ ಒಟ್ಟುವಾಗ ಇನ್ನೊಬ್ಬರು ಗೋಣಿಚೀಲದ ಮೇಲೆ ಒರಗುತ್ತಿದ್ದರು. ಮಾತು ಬಹಳ ಕಡಿಮೆ. ಅಪ್ಪ ಅವ್ವನ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. ‘ಏ ಇವಳೇ’ ಎಂದರೆ ಅವ್ವ. ಅವ್ವನಿಗೆ ಅವರು ‘ನಿಮ್ಮಪ್ಪ’. ದಿನಕ್ಕೆರಡು ಬಾರಿ ಅಪ್ಪ ಕೇಳುತ್ತಿದ್ದ ಒಂದು ಪ್ರಶ್ನೆ ಮಾತ್ರ ಕಿವಿಯಲ್ಲಿದೆ: ‘ಉಂಡ್ಯಾ?’

1999ರಲ್ಲಿ ಅವ್ವನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ನಿಂತವು. ಅಲ್ಲಿಂದ ಎಂಟು ವರ್ಷ ಅಪ್ಪ ಅವಳ ತಲೆ ಬಾಚಿದರು. ಮೊದಮೊದಲು ಜಡೆ ವಾರೆಯಾಗುತ್ತಿತ್ತು, ಅವ್ವ ಬೈಯುತ್ತಿದ್ದಳು. ಆಮೇಲೆ ಪಳಗಿದರು. ಊರಿನ ಗಂಡಸರು ನಗುತ್ತಾರೆಂದು ಬಾಗಿಲು ಹಾಕಿಕೊಂಡು ಬಾಚುತ್ತಿದ್ದರು. ಒಂದು ದಿನ ನಾನು ಹೇಳದೆ ಕೇಳದೆ ಊರಿಗೆ ಹೋಗಿ ಬಾಗಿಲು ತಳ್ಳಿದಾಗ, ಬಾಯಲ್ಲಿ ಹೇರ್‌ಪಿನ್ ಕಚ್ಚಿಕೊಂಡು ಕೂತಿದ್ದ ಅಪ್ಪ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ತಲೆತಗ್ಗಿಸಿದರು.

ಇದನ್ನು ಪ್ರೀತಿ ಎನ್ನದೆ ಇನ್ನೇನೆನ್ನುವುದು? ಆದರೆ ಈ ನೆನಪನ್ನು ಹೀಗೆ ಹೇಳಿ ಕಣ್ಣೊರೆಸಿಕೊಂಡು ಮುಗಿಸಿಬಿಡುವುದು ನಮ್ಮ ತಲೆಮಾರಿನವರ ಒಂದು ಉಪಾಯವೂ ಹೌದು. ‘ನೋಡಿ, ಹಿಂದಿನವರು ಪ್ರೀತಿ ಎನ್ನದೆಯೇ ಬಾಳಿದರು, ಇಂದಿನವರು ಮೊಬೈಲಿನಲ್ಲಿ ದಿನಕ್ಕೆ ನೂರು ಸಲ ಅಂದುಕೊಂಡೂ ಆರು ತಿಂಗಳಿಗೆ ಕೋರ್ಟಿಗೆ ಹೋಗುತ್ತಾರೆ’ ಎಂದು ಭಾಷಣ ಬಿಗಿಯಲು ಇದು ಅನುಕೂಲ. ನಾನೂ ಮಗಳ ಮುಂದೆ ಅದೇ ಭಾಷಣವನ್ನು ಬಿಗಿದೆ. ಅವಳು ಕೇಳಿಸಿಕೊಂಡು ಒಂದೇ ಮಾತು ಹೇಳಿದಳು: ‘ಅಜ್ಜಿಗೆ ಮದುವೆಯಾದಾಗ ಹದಿನಾಲ್ಕು ವರ್ಷ ಅಪ್ಪಾ. ಅವರನ್ನ ಯಾರಾದರೂ ಕೇಳಿದ್ರಾ? ತಾತ ಒಳ್ಳೆಯವರಾಗಿದ್ದು ಅವರ ಅದೃಷ್ಟ. ಪಕ್ಕದ ಮನೆ ಅಜ್ಜಿ ಕತೆ ನೀವೇ ಹೇಳಿದ್ದಿರಲ್ಲ.’ ಹೌದು, ಹೇಳಿದ್ದೆ. ಪಕ್ಕದ ಮನೆಯಾಕೆ ಗಂಡನ ಏಟಿನಿಂದ ಒಂದು ಕಿವಿಯ ಶ್ರವಣವನ್ನೇ ಕಳೆದುಕೊಂಡಿದ್ದಳು. ಆಕೆಯ ಮದುವೆಯೂ ಅದೇ ರೀತಿಯಲ್ಲಿ, ಅದೇ ಶಾಸ್ತ್ರದಲ್ಲಿ, ಬಹುಶಃ ಅದೇ ವಾಲಗದವರ ಎದುರೇ ನಡೆದಿತ್ತು.

‘ಮೈಸೂರು ಮಲ್ಲಿಗೆ’ ಪ್ರಕಟವಾದದ್ದು 1942ರಲ್ಲಿ. ಅದನ್ನು ಬರೆದ ನರಸಿಂಹಸ್ವಾಮಿಯವರ ಹುಟ್ಟೂರು ಕಿಕ್ಕೇರಿ ಆಡಳಿತದ ಲೆಕ್ಕದಲ್ಲಿ ಮಂಡ್ಯ ಜಿಲ್ಲೆಗೆ ಸೇರಿದ್ದರೂ ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಎಲ್ಲೆಗೆ ಅಂಟಿಕೊಂಡೇ ಇದೆ. ಅರ್ಧ ಶತಮಾನ ಕಾಲ ಆ ಪುಸ್ತಕವನ್ನು ಮದುವೆಯ ಉಡುಗೊರೆಯಾಗಿ ಕೊಟ್ಟದ್ದನ್ನು ಹಿರಿಯ ಓದುಗರು ಬಲ್ಲರು. ಮಗಳ ಮಾತಿನ ಬಳಿಕ ನಾನು ಅದನ್ನು ಮತ್ತೆ ಕೈಗೆತ್ತಿಕೊಂಡೆ. ಮೂವತ್ತಾರು ವರ್ಷ ಪಾಠ ಹೇಳಿದವನಿಗೆ ಕಾಣದಿದ್ದ ಸಂಗತಿಯೊಂದು ಆಗ ಕಂಡಿತು. ಅಲ್ಲಿನ ಪ್ರೇಮವೆಲ್ಲ ಮದುವೆಯ ಅಂಗಳದೊಳಗೆ ಅರಳಿದ್ದು. ತವರು, ಮಾವನ ಮನೆ, ಶಾನುಭೋಗರು, ಬಳೆಗಾರ ಎಲ್ಲರೂ ಇದ್ದಾರೆ, ಎಲ್ಲರೂ ಪ್ರಸನ್ನರಾಗಿದ್ದಾರೆ. ‘ಯಾವ ಜನ?’ ಎಂಬ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ, ಏಕೆಂದರೆ ಕವಿತೆ ಆರಂಭವಾಗುವ ಮೊದಲೇ ಹಿರಿಯರು ಅದನ್ನು ಕೇಳಿ ಮುಗಿಸಿದ್ದಾರೆ. ಕವಿಯನ್ನು ಇದಕ್ಕಾಗಿ ದೂರುತ್ತಿಲ್ಲ. ತಾನು ಕಂಡ ದಾಂಪತ್ಯದ ಸುಖವನ್ನು ಅಷ್ಟು ನಿಷ್ಕಪಟವಾಗಿ ಹಾಡಿದವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ದೂರಬೇಕಾದದ್ದು ನನ್ನನ್ನು. ಪ್ರೀತಿಗೆ ಯಾವ ಬೆಲೆಯನ್ನೂ ತೆರಬೇಕಾಗದ ಕವಿತೆಗಳನ್ನು ಪಾಠ ಹೇಳಿ, ಪ್ರೀತಿಯನ್ನು ಬಲ್ಲೆನೆಂದು ತಿಳಿದಿದ್ದೆ.

ಅದೇ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಿಂದ ಬಂದ ಎಸ್.ಎಲ್. ಭೈರಪ್ಪನವರು ಇನ್ನೊಂದು ಮಗ್ಗುಲನ್ನು ಬರೆದರು. 1970ರಲ್ಲಿ ಬಂದ ‘ಗೃಹಭಂಗ’ದ ನಂಜಮ್ಮನ ಗಂಡ ಊರಿನ ಶಾನುಭೋಗ, ಆದರೆ ಲೆಕ್ಕ ಬರೆಯುವವಳು ಅವಳು. ಮುತ್ತುಗದ ಎಲೆ ಹಚ್ಚಿ ಮಕ್ಕಳನ್ನು ಸಾಕುವವಳೂ ಅವಳೇ. ಮಲ್ಲಿಗೆಯ ದಂಪತಿಗಳ ಊರಿಗೂ ನಂಜಮ್ಮನ ಊರಿಗೂ ಹೆಚ್ಚು ದೂರವಿಲ್ಲ. ಕಾಲವೂ ಹೆಚ್ಚು ಕಡಿಮೆ ಒಂದೇ. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡಾಗ ನನ್ನ ಹೆಂಡತಿ ಕಪಾಟಿನಿಂದ ‘ಗೃಹಭಂಗ’ವನ್ನೇ ತೆಗೆದು ಕೂತಳು. ಅವಳ ಕಡೆಯ ಹೆಂಗಸರು ಆ ಕಾದಂಬರಿಯನ್ನು ಕಾದಂಬರಿಯೆಂದು ಓದುವುದಿಲ್ಲ, ಮನೆಯ ದಾಖಲೆಯೆಂದು ಓದುತ್ತಾರೆ.

ಕಲ್ಲಿನ ಮೇಲಿನ ಸಾಕ್ಷ್ಯವೂ ಅವಳ ತಾಲ್ಲೂಕಿನದೇ. ಶ್ರವಣಬೆಳಗೊಳಕ್ಕೆ ಹೋದವರು ದೊಡ್ಡಬೆಟ್ಟ ಹತ್ತಿ, ಗೊಮ್ಮಟನನ್ನು ಕಂಡು ಇಳಿದುಬಿಡುತ್ತಾರೆ. ಎದುರಿನ ಚಿಕ್ಕಬೆಟ್ಟಕ್ಕೆ ಹೋಗುವವರು ಕಡಿಮೆ. ಅಲ್ಲಿ 1123ರಲ್ಲಿ ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಕಟ್ಟಿಸಿದ ಒಂದು ಬಸದಿಯಿದೆ. ಅದರ ಹೆಸರು ‘ಸವತಿಗಂಧವಾರಣ ಬಸದಿ’. ಸವತಿಯರ ಪಾಲಿಗೆ ಮದ್ದಾನೆ ಎಂದರ್ಥ. ಅದು ಶಾಂತಲೆಯ ಬಿರುದು! ನಾಟ್ಯ ಸಂಗೀತಗಳಲ್ಲಿ ನಿಪುಣೆಯೆಂದು ಶಾಸನಗಳು ಹೊಗಳುವ, ಸಿನಿಮಾ ನಾಟಕಗಳು ಆದರ್ಶ ಪ್ರೇಮಿಯೆಂದು ತೋರಿಸುವ ರಾಣಿ ಸವತಿಯರ ನಡುವೆ ತನ್ನ ಜಾಗವನ್ನು ಆನೆಯಂತೆ ಕಾಯ್ದುಕೊಳ್ಳಬೇಕಾಗಿತ್ತು. ರಾಜಪ್ರೇಮದ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ದಾಖಲೆ ಬೇಕೇ?

1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಆ ಸುದ್ದಿ ಕೇಳಿ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಅನ್ನ ನೀರು ಬಿಟ್ಟು ಒಂದು ತಿಂಗಳ ವ್ರತದಿಂದ ದೇಹತ್ಯಾಗ ಮಾಡಿದಳೆಂದು ಅಲ್ಲಿನ ಶಾಸನ ಹೇಳುತ್ತದೆ. ಅರಸ ಇನ್ನೂ ಹಲವು ವರ್ಷ ಆಳಿದ, ಪಟ್ಟಕ್ಕೆ ಬಂದದ್ದು ಇನ್ನೊಬ್ಬ ರಾಣಿಯ ಮಗ. ಶಾಂತಲೆಯ ಸಾವನ್ನು ತಡೆದುಕೊಳ್ಳಲಾಗದೆ ಹೋದವಳು ತಾಯಿ. ನಾನು ಈ ಶಾಸನದ ಮುಂದೆ ನಿಂತದ್ದು 2023ರ ಜನವರಿಯಲ್ಲಿ, ಹೆಂಡತಿಯ ಜೊತೆ. ಮಗಳ ವಿಷಯಕ್ಕೆ ಆಕೆ ಆಗ ತಿಂಗಳಿನಿಂದ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಅದು ಪ್ರೀತಿಯ ಉಪವಾಸವೋ ಹಟದ ಉಪವಾಸವೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಬಹುಶಃ ಅವಳಿಗೂ ಬೇರ್ಪಡಿಸಿ ಹೇಳಲು ಆಗುತ್ತಿರಲಿಲ್ಲ.

ಆ ಚಳಿಗಾಲದ ಪತ್ರಿಕೆಗಳು ಇನ್ನೊಂದು ಸುದ್ದಿಯಿಂದ ತುಂಬಿದ್ದವು. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ನಡೆದ ವಧುವರರ ಸಮಾವೇಶಕ್ಕೆ ಗಂಡುಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಬಂದರು, ಹೆಸರು ನೋಂದಾಯಿಸಿದ ಹೆಣ್ಣುಮಕ್ಕಳು ಕೆಲವೇ ನೂರು. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ರೈತರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರನ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಟಿ.ವಿ.ಯವರು ಇದನ್ನು ತಮಾಷೆಯ ಸುದ್ದಿಯಾಗಿ ತೋರಿಸಿದರು. ನಮ್ಮ ಹಳ್ಳಿಯಲ್ಲಿ ಅದು ತಮಾಷೆಯಲ್ಲ. ನನ್ನ ಅಣ್ಣನ ಮಗನಿಗೆ ಮೂವತ್ತೆಂಟು ವರ್ಷ. ನಾಲ್ಕು ಎಕರೆ ಜಮೀನು, ಕೊಳವೆಬಾವಿ, ಕುಡಿತವಿಲ್ಲ. ಹನ್ನೆರಡು ಕಡೆ ಹೆಣ್ಣು ನೋಡಿ ಬಂದಿದ್ದಾನೆ. ಈಗ ಯಾರಾದರೂ ಮದುವೆಯ ಮಾತೆತ್ತಿದರೆ ಎದ್ದು ಕೊಟ್ಟಿಗೆಗೆ ಹೋಗುತ್ತಾನೆ.

ಹೆಣ್ಣು ಕಡಿಮೆಯಾದದ್ದೇ ಕಾರಣ ಎನ್ನುವವರಿದ್ದಾರೆ. ಕೆಲವು ಜಿಲ್ಲೆಗಳಲ್ಲಿ ಅದು ನಿಜವಿರಬಹುದು. ಆದರೆ 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1010 ಹೆಂಗಸರಿದ್ದರು. ಹೆಣ್ಣುಮಕ್ಕಳು ಇದ್ದಾರೆ, ಓದಿದ್ದಾರೆ, ಬ್ಯಾರನ್ ಮುಂದೆ ರಾತ್ರಿ ಕಳೆಯುವ ಬದುಕು ತಮಗೆ ಬೇಡವೆಂದು ಹೇಳಲು ಕಲಿತಿದ್ದಾರೆ. ಅದನ್ನು ಹೇಳಿಕೊಟ್ಟವರು ಬೇರೆ ಯಾರೂ ಅಲ್ಲ, ಆ ಬದುಕನ್ನು ಬಾಳಿದ ಅವರ ತಾಯಂದಿರು. ‘ನನ್ನ ಹಾಗೆ ನೀನಾಗಬೇಡ ಮಗಾ’ ಎಂಬ ಮಾತನ್ನು ಕೇಳದೆ ಬೆಳೆದ ಹುಡುಗಿ ನಮ್ಮ ಕಡೆ ಯಾವ ಮನೆಯಲ್ಲೂ ಇರಲಾರಳು. ಅಣ್ಣನ ಮಗನಿಗಾಗಿ ನನ್ನ ಹೊಟ್ಟೆ ಉರಿಯುತ್ತದೆ. ಆ ಹುಡುಗಿಯರು ತಪ್ಪು ಮಾಡಿದರೆನ್ನಲು ಮಾತ್ರ ಮನಸ್ಸು ಬಾರದು. ಇನ್ನೊಂದು ಮಾತು: ಹೆಣ್ಣು ಸಿಗದೆ ಕಂಗಾಲಾದ ಮನೆಗಳೂ ಜಾತಿಯ ಗೆರೆಯನ್ನು ಸುಲಭಕ್ಕೆ ದಾಟುವುದಿಲ್ಲ. ದೇಶದಲ್ಲಿ ಬೇರೆ ಜಾತಿಯೊಳಗೆ ಆದ ಮದುವೆಗಳು ನೂರಕ್ಕೆ ಐದರ ಆಸುಪಾಸಿನಲ್ಲಿವೆ ಎಂದು 2011–12ರ ಮಾನವ ಅಭಿವೃದ್ಧಿ ಸಮೀಕ್ಷೆ ಹೇಳಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದದ್ದನ್ನು ಪ್ರತಿ ಬಸವ ಜಯಂತಿಯಂದು ವೇದಿಕೆಯ ಮೇಲೆ ಹೇಳುವವರು ನಾವು. ನಾನೇ ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇನೆ.

ಹಾಸನಕ್ಕೆ 2025ರ ಮೇ ತಿಂಗಳಲ್ಲಿ ಒಂದು ದೊಡ್ಡ ಹೆಮ್ಮೆ ಬಂತು. ಇದೇ ಊರಿನಲ್ಲಿ ವಕೀಲಿ ಮಾಡುತ್ತ, ಹೋರಾಟ ಮಾಡುತ್ತ ಕತೆ ಬರೆದ ಬಾನು ಮುಷ್ತಾಕ್ ಅವರಿಗೆ, ದೀಪಾ ಭಾಸ್ತಿಯವರು ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕಾಗಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ದೊರೆಯಿತು. ಆ ಸಂಕಲನದ ಮೊದಲ ಕತೆಯನ್ನು ‘ಪ್ರೀತಿ’ ಎಂಬ ಪದವನ್ನು ಧಾರಾಳವಾಗಿ ಬಳಸುವವರೆಲ್ಲ ಓದಬೇಕು. ಇಫ್ತಿಕಾರ್ ಎಂಬಾತ ಹೆಂಡತಿ ಶಾಯಿಸ್ತಾಳನ್ನು ಎಲ್ಲರೆದುರು ಕೊಂಡಾಡುತ್ತಾನೆ. ತಾನು ಚಕ್ರವರ್ತಿಯಾಗಿದ್ದರೆ ತಾಜಮಹಲನ್ನು ಮೀರಿಸುವ ಮಹಲನ್ನೇ ಅವಳ ಹೆಸರಿನಲ್ಲಿ ಕಟ್ಟಿಸುತ್ತಿದ್ದೆ ಎನ್ನುತ್ತಾನೆ. ಹೆರಿಗೆಯ ಬಳಿಕ ಅವಳು ಸಾಯುತ್ತಾಳೆ. ನಲವತ್ತು ದಿನಗಳ ಆಸುಪಾಸಿನಲ್ಲಿ ಆತ ಹರೆಯದ ಹುಡುಗಿಯೊಬ್ಬಳನ್ನು ಮದುವೆಯಾಗಿ ಬರುತ್ತಾನೆ. ಕೂಸನ್ನು ಸಾಕುವ ಹೊಣೆ ಶಾಲೆ ಬಿಟ್ಟ ಹಿರಿಯ ಮಗಳ ಹೆಗಲಿಗೆ ಬೀಳುತ್ತದೆ. ಕತೆಗಾರ್ತಿ ಎಲ್ಲಿಯೂ ಬೈಯುವುದಿಲ್ಲ. ಬೈಯುವ ಅಗತ್ಯವೇ ಬೀಳದಂತೆ ಹೇಳುತ್ತಾರೆ.

ಬಾನು ಅವರದ್ದೂ ಪ್ರೇಮವಿವಾಹವೇ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಇಷ್ಟಪಟ್ಟವರನ್ನು ಮದುವೆಯಾದುದನ್ನೂ, ಆಮೇಲಿನ ಆರಂಭದ ವರ್ಷಗಳ ಸಂಕಟವನ್ನೂ ಅವರು ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಪ್ರೇಮವಿವಾಹವೆಂದ ಮಾತ್ರಕ್ಕೆ ಎಲ್ಲವೂ ಸಲೀಸು ಎಂಬ ಭ್ರಮೆಗೂ, ಹಿರಿಯರು ನೋಡಿ ಮಾಡಿದ್ದೇ ಕ್ಷೇಮ ಎಂಬ ಭ್ರಮೆಗೂ ಒಂದೇ ಊರಿನ ಒಬ್ಬ ಲೇಖಕಿಯ ಬದುಕು ಬರಹಗಳಲ್ಲಿ ಉತ್ತರವಿದೆ.

ಈಗ ಹುಡುಗನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಹೇಳಿದ್ದು ಬಹುಶಃ ಇದನ್ನು ಮುಂದೂಡುವುದಕ್ಕೆ. ‘ಯಾವ ಜನ?’ ಎಂಬ ಪ್ರಶ್ನೆಗೆ ಮಗಳು ಉತ್ತರ ಕೊಟ್ಟಳು. ಹುಡುಗ ದಲಿತ ಕುಟುಂಬದವನು. ಹೊಳೆನರಸೀಪುರದ ಹತ್ತಿರದ ಹಳ್ಳಿ. ತಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರು. ‘ಅವರು ನಿಮ್ಮ ಸ್ಟೂಡೆಂಟಂತೆ ಅಪ್ಪಾ’ ಎಂದಳು. ಹೆಸರು ಕೇಳಿದೊಡನೆ ಮುಖ ನೆನಪಾಯಿತು. 1985ರಲ್ಲಿ ನಾನು ಪಾಠ ಹೇಳಲು ನಿಂತ ಮೊದಲ ತರಗತಿಯ ಹುಡುಗ. ಕವಿತೆಯನ್ನು ಅವನಷ್ಟು ಚೆನ್ನಾಗಿ ಓದುತ್ತಿದ್ದವರು ಆಮೇಲೆ ಬಂದ ಮೂವತ್ತೈದು ತಂಡಗಳಲ್ಲಿ ಸಿಕ್ಕಿಲ್ಲ. ನಾನೇ ಅವನನ್ನು ಮುಂದೆ ಕರೆದು ‘ಮಲ್ಲಿಗೆ’ಯ ಪದ್ಯಗಳನ್ನು ಓದಿಸುತ್ತಿದ್ದೆ.

ಇನ್ನೊಂದೂ ನೆನಪಾಯಿತು. ಪರೀಕ್ಷೆಯ ಫಲಿತಾಂಶ ಬಂದ ದಿನ ಅವನು ಒಂದು ಚೀಲ ಸೀಬೆಹಣ್ಣು ಹಿಡಿದು ನನ್ನ ಬಾಡಿಗೆ ಮನೆಗೆ ಬಂದಿದ್ದ. ನಾನು ಸಂತೋಷದಿಂದಲೇ ಮಾತಾಡಿಸಿದೆ. ಹೊರಗಿನ ಜಗುಲಿಯ ಮೇಲೆ. ಒಳಗಿದ್ದ ಅವ್ವ ಒಂದು ಲೋಟದಲ್ಲಿ ಮಜ್ಜಿಗೆ ಕೊಟ್ಟಳು. ಅವನು ಹೋದ ಮೇಲೆ ಆ ಲೋಟ ಹಿತ್ತಲಿನ ಕಟ್ಟೆಯ ಮೇಲೆ ಬೇರೆಯಾಗಿ ಉಳಿಯಿತು. ನಾನು ನೋಡಿದೆ. ಏನೂ ಹೇಳಲಿಲ್ಲ. ಸೀಬೆಹಣ್ಣನ್ನು ಮಾತ್ರ ಎಲ್ಲರೂ ತಿಂದೆವು. ಅಪ್ಪನ ಬಾಚಣಿಗೆಯನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವ ನಾನು ಅವ್ವನ ಆ ಲೋಟವನ್ನೂ ನೆನೆಯಲೇಬೇಕು. ಎರಡೂ ಒಂದೇ ಮನೆಯವು.

ಮಗಳು, ಹುಡುಗ ಇಬ್ಬರೂ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಲು ನಿರ್ಧರಿಸಿದ್ದರು. ಹಿಂದೂ ವಿವಾಹ ಕಾಯ್ದೆಯಡಿ ನೋಟಿಸಿನ ರಗಳೆಯಿಲ್ಲವೆಂದು ನಾನು ಹೇಳಿದೆ. ಶಾಸ್ತ್ರ ಬೇಡವೆಂದಿದ್ದವರು ಕೇಳಲಿಲ್ಲ. ಈ ಕಾಯ್ದೆಯ ರೀತಿಯೇ ವಿಚಿತ್ರ. ವಿವಾಹಾಧಿಕಾರಿಗೆ ಮೂವತ್ತು ದಿನ ಮೊದಲು ಸೂಚನೆ ಕೊಡಬೇಕು. ಹೆಸರು, ವಯಸ್ಸು, ಉದ್ಯೋಗ, ವಿಳಾಸಗಳಿರುವ ಆ ಸೂಚನೆಯನ್ನು ಕಚೇರಿಯ ಎದ್ದು ಕಾಣುವ ಜಾಗದಲ್ಲಿ ಅಂಟಿಸುತ್ತಾರೆ. ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಒಂದು ಪ್ರತಿ ಅಲ್ಲಿಗೂ ಹೋಗುತ್ತದೆ. ಆಕ್ಷೇಪಣೆಗೆ ಮೂವತ್ತು ದಿನದ ಅವಕಾಶ. ತಾವಾಗಿಯೇ ಒಪ್ಪಿದ ಇಬ್ಬರು ವಯಸ್ಕರ ಮದುವೆಯನ್ನು ಊರಿನ ಮುಂದಿಟ್ಟು ‘ಯಾರದಾದರೂ ತಕರಾರಿದೆಯೇ?’ ಎಂದು ಕೇಳಿದ ಹಾಗೆ. 2021ರಲ್ಲಿ ಅಲಹಾಬಾದ್ ಹೈಕೋರ್ಟ್, ಈ ಪ್ರಕಟಣೆ ಜೋಡಿ ಬಯಸಿದರೆ ಮಾತ್ರ ಸಾಕು ಎಂದು ಹೇಳಿತ್ತು. ಆದರೆ ಬೆಂಗಳೂರಿನಲ್ಲಿ ಕೊಟ್ಟ ನೋಟಿಸಿನ ಪ್ರತಿ ನಮ್ಮ ಕಡೆಯ ಫಲಕಕ್ಕೂ ಬಂತು. ಯಾರೋ ಮೊಬೈಲಿನಲ್ಲಿ ಫೋಟೊ ತೆಗೆದರು. ಅದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತಿ ಮಧ್ಯಾಹ್ನದೊಳಗೆ ಚನ್ನರಾಯಪಟ್ಟಣದಲ್ಲಿದ್ದ ನನ್ನ ಹೆಂಡತಿಯ ಅಣ್ಣನನ್ನು ಮುಟ್ಟಿತು.

ಅವರು ಫೋನ್ ಮಾಡಿದರು. ನನಗಲ್ಲ, ತಂಗಿಗೆ. ‘ನೀನು ಬದುಕಿದ್ದಿಯೇನವ್ವಾ?’ ಎಂದಷ್ಟೇ ಕೇಳಿ ಇಟ್ಟರಂತೆ.

ನ್ಯಾಯಾಲಯಗಳ ಮಾತು ಸ್ಪಷ್ಟವಾಗಿದೆ. 2018ರ ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಬ್ಬರು ವಯಸ್ಕರು ಒಪ್ಪಿದ ಮೇಲೆ ಕುಟುಂಬದ, ಸಮುದಾಯದ ಸಮ್ಮತಿ ಬೇಕಿಲ್ಲವೆಂದಿತು. 2021ರ ಫೆಬ್ರುವರಿ 8ರಂದು ಲಕ್ಷ್ಮೀಬಾಯಿ ಚಂದರಗಿ ಪ್ರಕರಣದಲ್ಲಿ ಅದನ್ನೇ ಮತ್ತೆ ಹೇಳಿತು. ಅದು ನಮ್ಮ ರಾಜ್ಯದ್ದೇ, ಬೆಳಗಾವಿ ಕಡೆಯ ಪ್ರಕರಣ: ಮಗಳು ಮನೆಬಿಟ್ಟು ಮದುವೆಯಾದಳೆಂದು ತಂದೆ ದೂರು ಕೊಟ್ಟಿದ್ದರು; ಮದುವೆಯ ದಾಖಲೆ ಕಳಿಸಿದ ಮೇಲೂ ಠಾಣೆಗೆ ಬಾ ಎಂದು ಪೊಲೀಸರು ಒತ್ತಾಯಿಸಿದ್ದರು. ಇಂಥ ಪ್ರಕರಣಗಳನ್ನು ಹೇಗೆ ನಿಭಾಯಿಸಬೇಕೆಂದು ಪೊಲೀಸರಿಗೆ ತರಬೇತಿ ಕೊಡಿ ಎಂದು ನ್ಯಾಯಾಲಯ ಹೇಳಬೇಕಾಯಿತು. ತಂದೆಯಂದಿರಿಗೆ ತರಬೇತಿ ಕೊಡುವ ವ್ಯವಸ್ಥೆ ಇನ್ನೂ ಆಗಿಲ್ಲ. ತೀರ್ಪನ್ನು ಓದಿ ತಲೆದೂಗಿದ್ದ ನಾನು, ಅದು ನನ್ನ ಮನೆಯ ಬಾಗಿಲಿಗೆ ಬಂದಾಗ ಎರಡು ತಿಂಗಳು ಮಗಳೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಮಾತಾಡಿದ್ದು ಹೇಗೆಂದರೆ, ಒಂದು ಭಾನುವಾರ ನಾನು ಹೊಳೆನರಸೀಪುರದ ಬಸ್ ಹತ್ತಿ ಆ ಹಳ್ಳಿಗೆ ಹೋದೆ. ಏನು ಹೇಳಬೇಕೆಂದು ನಿಶ್ಚಯಿಸಿಕೊಂಡು ಹೋಗಿರಲಿಲ್ಲ. ಹೇಮಾವತಿ ನಾಲೆಯ ಪಕ್ಕದ ಹೆಂಚಿನ ಮನೆ. ನನ್ನ ಹಳೆಯ ವಿದ್ಯಾರ್ಥಿಯ ತಲೆ ನನಗಿಂತ ಹೆಚ್ಚು ನರೆತಿತ್ತು. ‘ಬನ್ನಿ ಸಾರ್’ ಎಂದು ಕುರ್ಚಿ ಒರೆಸಿದರು. ಅವರನ್ನು ಏಕವಚನದಲ್ಲಿ ಕರೆಯಬೇಕೋ ಬಹುವಚನದಲ್ಲೋ ತಿಳಿಯದೆ ಸ್ವಲ್ಪ ಹೊತ್ತು ಕ್ರಿಯಾಪದವೇ ಇಲ್ಲದ ವಾಕ್ಯಗಳನ್ನು ಆಡಿದೆ. ಕನ್ನಡ ಮೇಷ್ಟ್ರಿಗೆ ಬಂದ ಗತಿ ನೋಡಿ. ಬೀಗರಾಗುವವರನ್ನು ‘ನೀನು’ ಎನ್ನುವಂತಿಲ್ಲ. ಅವರೋ ‘ನೀವು’ ಎಂದರೆ ಕುಳಿತಲ್ಲೇ ಮುದುಡುತ್ತಿದ್ದರು.

ಅವರು ಸಂಭ್ರಮದಲ್ಲಿರಬಹುದೆಂದು ಎಣಿಸಿದ್ದೆ. ಇರಲಿಲ್ಲ. ಭಯದಲ್ಲಿದ್ದರು. ‘ಸಾರ್, ನನಗಿರೋದು ಒಬ್ಬನೇ ಮಗ’ ಎಂದರು. ‘ಪೇಪರ್‌ನಲ್ಲಿ ಬರೋದೆಲ್ಲ ಓದ್ತೀನಲ್ಲ. ಬೇಡ ಕಣಪ್ಪಾ ಅಂತ ಅವನಿಗೆ ಹೇಳ್ದೆ. ಕೇಳ್ಲಿಲ್ಲ. ನಿಮ್ಮ ಕಡೆಯೋರು ಯಾರಾದ್ರೂ ಏನಾದ್ರೂ ಮಾಡಿದ್ರೆ…’ ಮುಂದೆ ಮಾತು ಹೊರಡಲಿಲ್ಲ. ಮೂರು ತಿಂಗಳಿನಿಂದ ನಾನು ನನ್ನ ಮನೆತನದ ಮರ್ಯಾದೆಯನ್ನು ಕುರಿತು ಯೋಚಿಸುತ್ತಿದ್ದೆ. ಈ ಮನುಷ್ಯ ಮಗನ ಜೀವವನ್ನು ಕುರಿತು ಯೋಚಿಸುತ್ತಿದ್ದರು. ನನ್ನ ಕಡೆಯಿಂದ ಏನೂ ಆಗುವುದಿಲ್ಲ ಎಂದೆ. ಅದು ಆ ಕ್ಷಣದಲ್ಲಿ ನಾನೇ ಮಾಡಿಕೊಂಡ ತೀರ್ಮಾನವಾಗಿತ್ತು. ಮಧ್ಯಾಹ್ನ ಅಲ್ಲೇ ಮುದ್ದೆ, ಅವರೆಕಾಳಿನ ಸಾರು ಉಂಡೆ. ಸೀಬೆಹಣ್ಣಿನ ದಿನವನ್ನು ಪ್ರಸ್ತಾಪಿಸಬೇಕೆಂದು ಎರಡು ಬಾರಿ ಬಾಯಿ ತೆರೆದೆ. ಆಗಲಿಲ್ಲ. ಅವರೂ ಮರೆತಿರಲಾರರು.

2023ರ ಏಪ್ರಿಲ್‌ನಲ್ಲಿ ಮದುವೆಯಾಯಿತು. ಕಾಯ್ದೆಗೆ ಮೂರು ಸಾಕ್ಷಿಗಳು ಬೇಕು. ಇಬ್ಬರು ಸ್ನೇಹಿತರು, ಮೂರನೆಯವನು ನಾನು. ಹೆಂಡತಿ ಬಂದಳು, ಹೊರಗಿನ ಬೆಂಚಿನ ಮೇಲೆ ಕೂತಿದ್ದು, ಸಹಿಯಾದ ಮೇಲೆ ಒಳಗೆ ಬಂದು ಮಗಳಿಗೆ ಹೂ ಮುಡಿಸಿದಳು. ಈಗ ಮಗಳು ಅಳಿಯ ಇಬ್ಬರೂ ಬೇರೆ ಜೋಡಿಗಳಂತೆಯೇ ಇದ್ದಾರೆ. ಅಡುಗೆ ಯಾರದೆಂದು ಜಗಳವಾಡುತ್ತಾರೆ, ಬಾಡಿಗೆ ಹೆಚ್ಚಾಯಿತೆಂದು ಗೊಣಗುತ್ತಾರೆ. ಅಳಿಯ ನಮ್ಮಲ್ಲಿಗೆ ಬಂದಾಗ ನನ್ನ ಹೆಂಡತಿಯ ಮೊಣಕಾಲು ನೋವಿಗೆ ಎಣ್ಣೆ ಬಿಸಿ ಮಾಡಿಕೊಡುತ್ತಾನೆ, ಬಾಗಿಲು ಹಾಕಿಕೊಳ್ಳದೆ. ಇದೇ ನಿಜವಾದ ಪ್ರೀತಿಯೆಂದು ಪ್ರಮಾಣಪತ್ರ ಕೊಡಲು ಮೂರು ವರ್ಷ ಬಹಳ ಕಡಿಮೆ ಅವಧಿ. ಕೊಡಲು ನಾನು ಯಾರು ಎಂಬುದು ಬೇರೆ ಪ್ರಶ್ನೆ.

ಮುಗಿಯದ ಸಂಗತಿಯೊಂದಿದೆ. ನಮ್ಮ ಕಡೆ ಗೌರಿಹಬ್ಬಕ್ಕೆ ತವರಿನಿಂದ ಅಣ್ಣತಮ್ಮಂದಿರು ಅರಿಸಿನ ಕುಂಕುಮಕ್ಕೆಂದು ಹಣ ಕಳಿಸುವುದು ರೂಢಿ. ಐವತ್ತಾಗಲಿ ಐನೂರಾಗಲಿ, ಮೊತ್ತ ಮುಖ್ಯವಲ್ಲ. ತವರು ಇದೆ ಎಂಬುದಕ್ಕೆ ಅದು ಗುರುತು. ನನ್ನ ಹೆಂಡತಿಗೆ ಮೂವತ್ತು ವರ್ಷ ತಪ್ಪದೆ ಬಂದಿತ್ತು. 2023ರಲ್ಲಿ ಬರಲಿಲ್ಲ. 2024ರಲ್ಲೂ ಬರಲಿಲ್ಲ. ಆ ಎರಡು ಹಬ್ಬಗಳಲ್ಲಿ ಅವಳು ಪೂಜೆಗೆ ಕೂರುವ ಮುನ್ನ ಗೇಟಿನ ಕಡೆ ಎಷ್ಟು ಬಾರಿ ನೋಡಿದಳೆಂಬುದನ್ನು ನಾನು ಎಣಿಸಿದ್ದೇನೆ. ಮಗಳ ಮೇಲಿನ ಪ್ರೀತಿಗೆ ಅವಳು ತೆತ್ತ ಬೆಲೆ ಅಣ್ಣನ ಪ್ರೀತಿ. ನನಗೆ ಅಂಥದ್ದೇನನ್ನೂ ತೆರಬೇಕಾಗಿ ಬರಲಿಲ್ಲ.

2025ರ ಗೌರಿಹಬ್ಬದ ಬೆಳಿಗ್ಗೆ ಅವಳ ಮೊಬೈಲ್ ಸದ್ದು ಮಾಡಿತು. ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದಳು. ಅಣ್ಣನ ಹೆಸರಿನಿಂದ ಫೋನ್‌ಪೇಯಲ್ಲಿ ಐನೂರ ಒಂದು ರೂಪಾಯಿ. ಜೊತೆಗೆ ಒಂದಕ್ಷರವೂ ಇಲ್ಲ. ಅವಳು ಆ ಪರದೆಯನ್ನು ಬಹಳ ಹೊತ್ತು ನೋಡುತ್ತ ನಿಂತಳು. ಆಮೇಲೆ ಫೋನನ್ನು ನನ್ನ ಕೈಗಿಟ್ಟು ಕೇಳಿದಳು: ‘ರೀ, ಇದಕ್ಕೆ ಬಂತು ಅಂತ ಇಲ್ಲೇ ಬರೆಯೋಕೆ ಆಗತ್ತಾ? ಊಟ ಆಯ್ತಾ ಅಂತಲೂ ಕೇಳಿಬಿಡಿ.’